ಆಲೂಗಡ್ಡೆಗೆ 40ರ ಲೆಕ್ಕ ಸಾಲದು
‘ಸ್ಪ್ಯಾಡ್ ಮೀಟರ್ 40ಕ್ಕಿಂತ ಕಡಿಮೆ ತೋರಿಸಿದರೆ ಯೂರಿಯಾ ಹಾಕಿ’ ಎಂದು ಲೇಖನವೊಂದು ಕೊಟ್ಟ ಸಲಹೆ ಆಲೂಗಡ್ಡೆಗೆ ಹಾಗೇ ಒಪ್ಪುವುದಿಲ್ಲ. ಈ ಮೀಟರ್ ಎಲೆಯ ಹಸಿರನ್ನು ಸಂಖ್ಯೆಯಲ್ಲಿ ತೋರಿಸುತ್ತದೆ, ಹಸಿರು ಇಳಿದರೆ ಸಾರಜನಕ ಸಾಲದೆಂದು ಊಹಿಸುತ್ತಾರೆ. ತಳಿ, ಬೆಳೆಯ ವಯಸ್ಸು, ಬಿಸಿಲು ಬದಲಾದಂತೆ ಸಂಖ್ಯೆಯೂ ಬದಲಾಗುತ್ತದೆ. ದೇವನಹಳ್ಳಿ ಕಡೆಯ ಕುಫ್ರಿ ಜ್ಯೋತಿಗೂ ಬೇರೆ ತಳಿಗೂ ಒಂದೇ ಗೆರೆ ಎಳೆಯೋಕಾಗಲ್ಲ. ಅದರ ಬದಲು ಅದೇ ಹೊಲದ ನಾಲ್ಕೈದು ಸಾಲಿಗೆ ಸಾರಜನಕ ಧಾರಾಳವಾಗಿ ಕೊಟ್ಟು, ಆ ಪಟ್ಟಿಯನ್ನೇ ಅಳತೆಗೋಲು ಮಾಡಿಕೊಳ್ಳಿ. ಉಳಿದ ಬೆಳೆಯ ಸರಾಸರಿ ರೀಡಿಂಗ್ ಆ ಪಟ್ಟಿಯ ಸರಾಸರಿಯ ಶೇ 95ಕ್ಕಿಂತ ಇಳಿದರೆ ಮಾತ್ರ ಮೇಲುಗೊಬ್ಬರವಾಗಿ ಯೂರಿಯಾ ಕೊಡಿ.

ಯಾವ ಎಲೆ ಅಳೆಯುತ್ತೀರಿ ಅನ್ನೋದು ಮುಖ್ಯ. ತುದಿಯಿಂದ ನಾಲ್ಕನೆಯ, ಪೂರ್ತಿ ಬಿಚ್ಚಿಕೊಂಡ ಎಲೆಯಲ್ಲಿ ಕೊನೆಯ ಕಿರುಎಲೆ ಹಿಡಿಯಿರಿ. ಮೀಟರ್ ನೋಡುವುದು ಬರೀ 2×3 ಮಿಲಿಮೀಟರ್ ಜಾಗ. ನಡುನರ ಸಿಕ್ಕಿಕೊಂಡರೆ ರೀಡಿಂಗ್ ಕೆಟ್ಟಿತು. ಇಬ್ಬನಿ ಆರಿದ ಮೇಲೆ, ಪ್ರತಿ ಸಲ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಹೊಲದಲ್ಲಿ ಅಡ್ಡಾದಿಡ್ಡಿ ಓಡಾಡಿ 30 ಗಿಡ ಅಳೆಯಿರಿ. ಬದುವಿನ ಪಕ್ಕದ ಗಿಡ, ಅಂಗಮಾರಿ ರೋಗ ತಗುಲಿದ ಎಲೆ ಬೇಡ.

ಮೀಟರ್‌ಗೆ ಗೊತ್ತಾಗುವುದು ಹಸಿರು ಅಷ್ಟೇ. 650 ಮತ್ತು 940 ನ್ಯಾನೊಮೀಟರ್ ಬೆಳಕು ಎಲೆ ದಾಟಿ ಬಂದದ್ದನ್ನು ಹೋಲಿಸುತ್ತದೆ. ಮೆಗ್ನೀಷಿಯಂ ಕೊರತೆಗೂ ಸಂಖ್ಯೆ ಇಳಿಯುತ್ತದೆ. ಆಗ ಕೆಳಗಿನ ಎಲೆಗಳಲ್ಲಿ ಮೊದಲು ನರ ಹಸಿರಾಗಿದ್ದು ನಡುವೆ ಹಳದಿ ಕಾಣುತ್ತದೆ. ಅತಿಯಾದ ಸಾರಜನಕವನ್ನಂತೂ ಇದು ತೋರಿಸುವುದೇ ಇಲ್ಲ, ಏಕೆಂದರೆ ಎಲೆಗೆ ಹಸಿರು ಕೊಡುವ ಕ್ಲೋರೊಫಿಲ್ ಒಂದು ಮಟ್ಟಕ್ಕೆ ನಿಂತುಬಿಡುತ್ತದೆ.

ಕೊರತೆ ಕಂಡರೂ ಒಮ್ಮೆಗೆ ಎಕರೆಗೆ 20 ಕೆ.ಜಿ. ಯೂರಿಯಾ, ಅಂದರೆ ಸುಮಾರು 9 ಕೆ.ಜಿ. ಸಾರಜನಕ, ಸಾಕು. ನೀರು ಕೊಟ್ಟು, ವಾರ ಬಿಟ್ಟು ಮತ್ತೆ ಅಳೆಯಿರಿ. ಬೆಳೆ ಮಾಗುತ್ತಾ ಬಂದಾಗ ಸಾರಜನಕ ಧಾರಾಳವಾಗಿ ಕೊಟ್ಟ ಪಟ್ಟಿಯಲ್ಲೂ ಸಂಖ್ಯೆ ಇಳಿಯುತ್ತದೆ. ಆಗ ಯೂರಿಯಾ ಸುರಿದರೆ ಸೊಪ್ಪು ಹುಲುಸಾಗುತ್ತದೆ, ಗೆಡ್ಡೆಯ ಸಿಪ್ಪೆ ಗಟ್ಟಿಯಾಗುವುದು ತಡವಾಗುತ್ತದೆ.