ಬ್ಯಾಂಕಿನ ಗೋಪುರದ ಕಥೆ ಹೇಳುವವರೇ, ಬೋಲ್ಟಿನ ಮಾತೂ ಹೇಳಿ

ಇವತ್ತು ಮತ್ತೆ ಆ ವಿಡಿಯೊ ಶಿವಮೊಗ್ಗದ ಕಟ್ಟಡ ಕೆಲಸದವರ ಗುಂಪಿಗೆ ಬಂತು. ನ್ಯೂಯಾರ್ಕಿನ ಸಿಟಿಕಾರ್ಪ್ ಬ್ಯಾಂಕಿನ ಮುಖ್ಯ ಕಚೇರಿ, 59 ಅಂತಸ್ತು, ಗಾಳಿಗೆ ಬೀಳುವ ಸ್ಥಿತಿ, ಅದನ್ನು ಕಂಡುಹಿಡಿದ ವಿದ್ಯಾರ್ಥಿನಿ, ತಪ್ಪೊಪ್ಪಿಕೊಂಡು ಊರು ಉಳಿಸಿದ ಎಂಜಿನಿಯರ್. ಕೆಳಗೆ ಸಾಲುಗಟ್ಟಿ ಕೈಮುಗಿದ ಚಿಹ್ನೆಗಳು. ಕಬ್ಬಿಣದ ಕೆಲಸದವರೇ ತುಂಬಿರುವ ಗುಂಪು ಅದು. ಅಲ್ಲಿ ಒಬ್ಬರಾದರೂ "ವೆಲ್ಡಿಂಗ್ ಇದ್ದ ಕಡೆ ಬೋಲ್ಟ್ ಹೇಗೆ ಬಂತು, ಯಾರನ್ನು ಕೇಳಿ ಹಾಕಿದರು" ಅಂತ ಕೇಳಬೇಡವೇ? ನನಗೆ ಸಿಟ್ಟು ಬಂದಿದ್ದು ಅದಕ್ಕೆ. ಆ ಕಥೆಯ ತಿರುಳು ಇರುವುದೇ ಅಲ್ಲಿ.

ಮ್ಯಾನ್‌ಹಟನ್ನಿನ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ 1977ರಲ್ಲಿ ಮುಗಿದ ಗೋಪುರ ಅದು, ಎತ್ತರ 279 ಮೀಟರ್. ಬ್ಯಾಂಕಿಗೆ ಬೇಕಿದ್ದ ಜಾಗದ ಒಂದು ಮೂಲೆ ಸೇಂಟ್ ಪೀಟರ್ಸ್ ಲೂಥರನ್ ಚರ್ಚಿನದಾಗಿತ್ತು. ಚರ್ಚಿನವರು ಒಪ್ಪಿದರು, ಆದರೆ ಷರತ್ತು ಹಾಕಿದರು. ಹಳೆಯದನ್ನು ಕೆಡವಿ ಅದೇ ಮೂಲೆಯಲ್ಲಿ ಹೊಸ ಚರ್ಚು ಕಟ್ಟಿಕೊಡಬೇಕು, ಅದು ಗೋಪುರಕ್ಕೆ ಅಂಟಿಕೊಳ್ಳಬಾರದು, ಗೋಪುರದ ಕಂಬ ಚರ್ಚಿನೊಳಗೆ ಇಳಿಯಬಾರದು. ಮೂಲೆಯಲ್ಲಿ ಕಂಬ ಇಡುವ ಹಾಗಿಲ್ಲ ಎಂದ ಮೇಲೆ ವಾಸ್ತುಶಿಲ್ಪಿ ಹ್ಯೂ ಸ್ಟಬಿನ್ಸ್ ಮತ್ತು ಸ್ಟ್ರಕ್ಚರಲ್ ಎಂಜಿನಿಯರ್ ವಿಲಿಯಂ ಲೆಮೆಷರ್ ನಾಲ್ಕು ಕಂಬಗಳನ್ನೂ ನಾಲ್ಕು ಪಕ್ಕಗಳ ನಟ್ಟನಡುವೆ ನಿಲ್ಲಿಸಿದರು. ಸ್ಟೂಲಿನ ಕಾಲುಗಳನ್ನು ಮೂಲೆಯಿಂದ ಕಿತ್ತು ಪಕ್ಕಗಳ ಮಧ್ಯಕ್ಕೆ ಜೋಡಿಸಿದ ಹಾಗೆ. ಒಂದೊಂದು ಕಂಬದ ಎತ್ತರ ಸುಮಾರು 35 ಮೀಟರ್, ಅಂದರೆ ಒಂಬತ್ತು ಅಂತಸ್ತಿನಷ್ಟು. ನಡುವೆ ಲಿಫ್ಟುಗಳಿರುವ ಗಟ್ಟಿ ಗರ್ಭ.

ಮೇಲಿನ ಭಾರವನ್ನು ಮೂಲೆಗಳಿಂದ ನಡುವಿನ ಕಂಬಕ್ಕೆ ತರಲು ಪ್ರತಿ ಪಕ್ಕದಲ್ಲೂ ಎಂಟೆಂಟು ಅಂತಸ್ತಿಗೆ ಒಂದರಂತೆ 'ವಿ' ಆಕಾರದ ಓರೆ ತೊಲೆಗಳು. ಗಾಳಿಯ ಹೊರೆ ಇಳಿಯುವುದೂ ಅವುಗಳಲ್ಲೇ. ಒಳ್ಳೆಯ ವಿನ್ಯಾಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟು ಉದ್ದದ ತೊಲೆ ಒಂದೇ ತುಂಡಾಗಿ ಬರುವುದಿಲ್ಲ. ತುಂಡು ತುಂಡಾಗಿ ಮೇಲೇರಿಸಿ ಅಲ್ಲೇ ಜೋಡಿಸಬೇಕು. ಇಡೀ ಗೋಪುರ ನಿಂತಿರುವುದು ಆ ಜೋಡಣೆಗಳ ಮೇಲೆ.

ಮೂಲ ನಕ್ಷೆಯಲ್ಲಿ ಅಲ್ಲಿ ಪೂರ್ಣ ಆಳದ ವೆಲ್ಡಿಂಗ್ ಇತ್ತು. ಎರಡು ತುಂಡುಗಳ ದಪ್ಪ ಪೂರ್ತಿ ಕರಗಿ ಒಂದಾಗುವ ವೆಲ್ಡಿಂಗ್. ಅದಕ್ಕೆ ನುರಿತ ಕೈ ಬೇಕು, ಹೊತ್ತು ಹಿಡಿಯುತ್ತದೆ, ದುಬಾರಿ. ಕಬ್ಬಿಣದ ಕೆಲಸ ಹಿಡಿದವರು "ಬೋಲ್ಟ್ ಹಾಕಿದರೆ ಸುಮಾರು ಎರಡೂವರೆ ಲಕ್ಷ ಡಾಲರ್ ಉಳಿಯುತ್ತದೆ" ಎಂದರು. ಲೆಮೆಷರ್ ಅವರ ನ್ಯೂಯಾರ್ಕ್ ಕಚೇರಿ ಒಪ್ಪಿತು. ವಿನ್ಯಾಸ ಮಾಡಿದ ಮನುಷ್ಯನಿಗೆ ಆ ಸುದ್ದಿ ಮುಟ್ಟಲೇ ಇಲ್ಲ. ಅವರಿಗೆ ತಿಳಿದದ್ದು 1978ರಲ್ಲಿ, ಅದೂ ಪಿಟ್ಸ್‌ಬರ್ಗಿನ ಬೇರೆ ಕೆಲಸಕ್ಕೆ ಇಂಥದೇ ವೆಲ್ಡಿಂಗ್ ಬಗ್ಗೆ ವಿಚಾರಿಸುವಾಗ. ಅಷ್ಟರಲ್ಲಿ ಕಟ್ಟಡದಲ್ಲಿ ಜನ ಓಡಾಡುತ್ತಿದ್ದರು.

ಈಗ ಲೆಕ್ಕ. ಇದನ್ನು ದಯವಿಟ್ಟು ನಿಧಾನಕ್ಕೆ ಓದಿ. ಕಟ್ಟಡದ ತೂಕ ಓರೆ ತೊಲೆಯನ್ನು ಒತ್ತುತ್ತದೆ, ಗಾಳಿ ಅದನ್ನು ಎಳೆಯುತ್ತದೆ. ಬೋಲ್ಟು ತಡೆಯಬೇಕಾದದ್ದು ಎಳೆತದಿಂದ ಒತ್ತಡ ಕಳೆದು ಉಳಿದದ್ದನ್ನು ಮಾತ್ರ. ತಿಳಿಯಲೆಂದು ಗಾಳಿಯ ಎಳೆತ 100, ತೂಕದ ಒತ್ತಡ 75 ಎಂದಿಟ್ಟುಕೊಳ್ಳಿ. ಉಳಿದದ್ದು 25. ಈಗ ಗಾಳಿ ಪಕ್ಕಕ್ಕೆ ನೇರವಾಗಿ ಬೀಸದೆ ಮೂಲೆಗೆ ಬಡಿದು ಎರಡು ಪಕ್ಕಗಳನ್ನು ಒಟ್ಟಿಗೆ ತಳ್ಳಿತು ಅನ್ನಿ. ಕಂಬಗಳು ನಡುವೆ ಇರುವ ಈ ಕಟ್ಟಡದಲ್ಲಿ ಹಾಗಾದಾಗ ಕೆಲವು ತೊಲೆಗಳ ಎಳೆತ ಶೇ 40ರಷ್ಟು ಏರುತ್ತದೆ ಎಂದು ಲೆಮೆಷರ್ ಲೆಕ್ಕ ಹಾಕಿದರು. 100 ಇದ್ದದ್ದು 140. ತೂಕ ಏರುವುದಿಲ್ಲ, ಅದು 75ರಲ್ಲೇ ನಿಂತಿದೆ. ಉಳಿದದ್ದು 65. ಬೋಲ್ಟಿನ ಮೇಲೆ 25 ಇದ್ದದ್ದು 65 ಆಯಿತು, ಅಂದರೆ ಶೇ 160 ಹೆಚ್ಚಳ. ತೊಲೆಗೆ ಶೇ 40, ಜೋಡಣೆಗೆ ಶೇ 160. ಪೂರ್ಣ ವೆಲ್ಡಿಂಗ್ ಇದ್ದಿದ್ದರೆ ಜೋಡಣೆಯ ಬಲ ತೊಲೆಯ ಬಲದಷ್ಟೇ ಇರುತ್ತಿತ್ತು, ಈ ಏರಿಕೆಯನ್ನು ನುಂಗಿಕೊಳ್ಳುತ್ತಿತ್ತು. ಬೋಲ್ಟನ್ನು ಎಣಿಸಿ ಹಾಕುತ್ತಾರೆ. 25ಕ್ಕೆ ಎಣಿಸಿದ ಬೋಲ್ಟಿಗೆ 65 ಬಂದರೆ ಅದು ಕಿತ್ತುಬರುತ್ತದೆ. ಸಾಲದ್ದಕ್ಕೆ ಈ ತೊಲೆಗಳನ್ನು ಕಂಬವೆಂದು ಎಣಿಸದೆ ಬರೀ ಟ್ರಸ್ಸಿನ, ಅಂದರೆ ತ್ರಿಕೋನಗಳ ಚೌಕಟ್ಟಿನ, ಭಾಗವೆಂದು ಎಣಿಸಿದ್ದರು. ಕಂಬಕ್ಕೆ ಸಿಗಬೇಕಿದ್ದ ಸುರಕ್ಷತೆಯ ಅಂತರವೂ ಆ ಬೋಲ್ಟುಗಳಿಗೆ ಸಿಗಲಿಲ್ಲ. ಆಗಿನ ನ್ಯೂಯಾರ್ಕಿನ ನಿಯಮಕ್ಕೆ ನೇರ ಗಾಳಿಯ ಲೆಕ್ಕವಷ್ಟೇ ಸಾಕಿತ್ತು.

ಪ್ರಿನ್ಸ್‌ಟನ್ನಿನ ವಿದ್ಯಾರ್ಥಿನಿ ಡಯೇನ್ ಹಾರ್ಟ್ಲಿ ಮೂಲೆಗಾಳಿಯ ಪ್ರಶ್ನೆ ಎತ್ತಿದ್ದು ದೊಡ್ಡದೇ. ಆದರೆ ಆ ಪ್ರಶ್ನೆ ಅಪಾಯವಾಗಿದ್ದು ಬೋಲ್ಟಿನಿಂದ. ವಿಡಿಯೊ ಮಾಡಿದವರು ಬಿಟ್ಟದ್ದು ಈ ಕೊಂಡಿಯನ್ನೇ.

ಮೇಲ್ಭಾಗದಲ್ಲಿ ತೂಗಾಟ ತಡೆಯಲು ಸುಮಾರು 400 ಟನ್ನಿನ ಕಾಂಕ್ರೀಟ್ ದಿಮ್ಮಿ ಇತ್ತು. ಎಣ್ಣೆಯ ಪದರದ ಮೇಲೆ ಜಾರುತ್ತಾ ಕಟ್ಟಡ ಒಂದು ಕಡೆ ವಾಲಿದರೆ ಅದು ಇನ್ನೊಂದು ಕಡೆ ಹೋಗಿ ತೂಗಾಟವನ್ನು ಅರ್ಧದಷ್ಟು ಇಳಿಸುತ್ತಿತ್ತು. ಅದು ನಡೆಯುವುದು ಕರೆಂಟಿನಿಂದ. ಬಿರುಗಾಳಿ ಬಂದಾಗ ಮೊದಲು ಹೋಗುವುದೇನು ಅಂತ ಮಲೆನಾಡಿನವರಿಗೆ ನಾನು ಹೇಳಬೇಕೇ? ದಿಮ್ಮಿ ಓಡುತ್ತಿದ್ದರೆ 55 ವರ್ಷಕ್ಕೊಮ್ಮೆ ಬರುವಂಥ ಗಾಳಿಗೆ, ನಿಂತುಹೋದರೆ 16 ವರ್ಷಕ್ಕೊಮ್ಮೆ ಬರುವಂಥ ಗಾಳಿಗೆ ಕಟ್ಟಡ ಬೀಳಬಹುದು ಎಂಬುದು ಲೆಮೆಷರ್ ಅವರ ಅಂದಾಜು. ಅತಿ ದುರ್ಬಲ ಜೋಡಣೆ 30ನೇ ಅಂತಸ್ತಿನಲ್ಲಿತ್ತು.

ಲೆಮೆಷರ್ ತಪ್ಪೊಪ್ಪಿಕೊಂಡ ಮೇಲೆ 1978ರ ಆಗಸ್ಟಿನಿಂದ ರಾತ್ರಿ ಕೆಲಸ ನಡೆಯಿತು. ಸಂಜೆ ಕಚೇರಿ ಖಾಲಿಯಾದ ಮೇಲೆ ಬಡಗಿಗಳು ಪ್ಲೈವುಡ್ಡಿನ ಮರೆ ಕಟ್ಟುವುದು, ಗೋಡೆಯ ಹಲಗೆ ಬಿಚ್ಚುವುದು, ವೆಲ್ಡರುಗಳು ಇನ್ನೂರಕ್ಕೂ ಹೆಚ್ಚು ಬೋಲ್ಟಿನ ಜೋಡಣೆಗಳ ಮೇಲೆ ಎರಡಿಂಚು ದಪ್ಪದ ಉಕ್ಕಿನ ಪ್ಲೇಟ್ ಬೆಸೆಯುವುದು, ಬೆಳಗಾಗುವುದರೊಳಗೆ ಗುಡಿಸಿ ಎತ್ತಿಡುವುದು. ನಡುವೆ 'ಎಲ್ಲಾ' (Ella) ಎಂಬ ಹೆಸರಿನ ಚಂಡಮಾರುತ ಆ ಕಡೆಗೆ ತಿರುಗಿತ್ತು, ಕೊನೆಗೆ ಸಮುದ್ರದತ್ತ ಸರಿಯಿತು. ಸುತ್ತಲಿನ ಜನರನ್ನು ತೆರವು ಮಾಡುವ ಯೋಜನೆ ರೆಡ್ ಕ್ರಾಸಿನ ಜೊತೆ ಸೇರಿ ಸಿದ್ಧವಾಗಿತ್ತು. ಆ ಜನಕ್ಕೆ ಮಾತ್ರ ಹೇಳಿರಲಿಲ್ಲ. ಪತ್ರಿಕೆಗಳ ಮುಷ್ಕರ ನಡೆಯುತ್ತಿದ್ದದ್ದರಿಂದ ಕೇಳುವವರೂ ಇರಲಿಲ್ಲ. ಪೂರ್ತಿ ವಿಷಯ ಹೊರಬಿದ್ದದ್ದು 1995ರಲ್ಲಿ. ಹದಿನೇಳು ವರ್ಷ! ಬೋಲ್ಟು ಹಾಕಿದ್ದನ್ನು ಎಂಜಿನಿಯರಿಗೆ ಹೇಳಲಿಲ್ಲ, ಬೋಲ್ಟು ಸಾಲದು ಅನ್ನುವುದನ್ನು ಜನರಿಗೆ ಹೇಳಲಿಲ್ಲ. ನನಗೆ ಎರಡೂ ಒಂದೇ ತಪ್ಪು.

"ಬೋಲ್ಟ್ ಏನು ಕೆಟ್ಟದ್ದಾ?" ಅಂತ ಬರುತ್ತೀರಿ, ಗೊತ್ತು. ಅಲ್ಲ. ಬೋಲ್ಟನ್ನು ಕಣ್ಣಿಂದ ನೋಡಿ ಎಣಿಸಬಹುದು, ಟಾರ್ಕ್ ಪಾನಾ ಹಾಕಿ ಪರೀಕ್ಷಿಸಬಹುದು, ಎತ್ತರದಲ್ಲಿ ಗಾಳಿಮಳೆಯ ನಡುವೆ ವೆಲ್ಡಿಂಗ್ ಮಾಡುವುದಕ್ಕಿಂತ ಎಷ್ಟೋ ಸಲ ಅದೇ ಮೇಲು. ಮೂಲೆಗಾಳಿ ಅಷ್ಟು ಅಪಾಯವೇ ಎಂದು ಈಚಿನ ಅಧ್ಯಯನ ಪ್ರಶ್ನಿಸಿದ್ದೂ ನಿಜ. ಆದರೆ ಮಾರಾಯ್ರೆ, ಬದಲಾಯಿಸಿದ ದಿನ ಈ ಲೆಕ್ಕ ಯಾರೂ ಹಾಕಿರಲಿಲ್ಲವಲ್ಲ. ನನ್ನ ತಕರಾರು ಅಷ್ಟೇ, ಅದನ್ನು ಬಿಡುವುದಿಲ್ಲ.

ಬಿಡದೆ ಇರುವುದಕ್ಕೆ ಕಾರಣ ನಮ್ಮ ತಾರಸಿಗಳು. ಸಾಗರ, ಹೊಸನಗರ, ತೀರ್ಥಹಳ್ಳಿ, ಎಲ್ಲಿ ನೋಡಿದರೂ ಆರ್‌ಸಿಸಿ ಮನೆಯ ಮೇಲೆ ಮತ್ತೊಂದು ಟ್ರಸ್ಸು, ಅದರ ಮೇಲೆ ಶೀಟು. ಮಳೆಗೆ ಅದು ಬೇಕೇ ಬೇಕು. ಅಡ್ಡಮಳೆಯ ಗಾಳಿಗೆ ಹಾರಿಹೋಗುವುದೂ ಅದೇ. ಸೆಕೆಂಡಿಗೆ 33 ಮೀಟರ್ ವೇಗದ ಗಾಳಿ ಚದರ ಮೀಟರಿಗೆ ಸುಮಾರು 65 ಕೆಜಿ ಒತ್ತಡ ಕೊಡುತ್ತದೆ. ಅರ್ಧ ಎಂಎಂ ಶೀಟಿನ ತೂಕ ಚದರ ಮೀಟರಿಗೆ ನಾಲ್ಕೈದು ಕೆಜಿ, ಪೈಪು ಸೇರಿದರೂ ಹದಿನೈದರ ಆಸುಪಾಸು. ಆ ಗೋಪುರದ ಲೆಕ್ಕದಲ್ಲಿ 100ರಿಂದ ಕಳೆಯಲು 75 ಇತ್ತು, ನಮ್ಮ ಚಾವಣಿಯಲ್ಲಿ 65ರಿಂದ ಕಳೆಯಲು ಬರೀ ಹದಿನೈದು. ಸುತ್ತ ಗೋಡೆಯಿಲ್ಲದ ತಾರಸಿಯಲ್ಲಿ ಗಾಳಿ ಅಡಿಯಿಂದ ಎತ್ತುತ್ತದೆ, ಮೇಲಿಂದ ಹೀರುತ್ತದೆ. ಅಂಚು ಮತ್ತು ಮೂಲೆಗಳಲ್ಲಿ ಆ ಸೆಳೆತ ಇನ್ನೂ ಜಾಸ್ತಿ. ಸಾವಿರ ಚದರಡಿಗೆ ಆರು ಟನ್ನಿನ ಹತ್ತಿರ ಎಳೆತ ಬರಬಹುದು. ಅಷ್ಟನ್ನೂ ಹಿಡಿಯಬೇಕಾದದ್ದು ಕಂಬದ ಬುಡದ ಬೋಲ್ಟು ಮತ್ತು ಪೈಪಿನ ತುದಿಯ ವೆಲ್ಡಿಂಗು.

ಅಲ್ಲಿ ನಾನು ಕಾಣುವುದೇನು? ಬೇಸ್ ಪ್ಲೇಟಿಗೆ ನಾಲ್ಕು ತೂತು, ಎರಡೇ ಬೋಲ್ಟು. ಸ್ಲಾಬಿನಲ್ಲಿ ನಿಲ್ಲಬೇಕಾದ ಕಂಬವನ್ನು "ಜಾಗ ಉಳಿಯುತ್ತದೆ" ಅಂತ ಇಟ್ಟಿಗೆಯ ಪ್ಯಾರಪೆಟ್ಟಿನ ಮೇಲೆ ಕೂರಿಸಿರುತ್ತಾರೆ, ಗಾಳಿ ಬಂದರೆ ಬೋಲ್ಟಿನ ಜೊತೆ ಇಟ್ಟಿಗೆಯೂ ಎದ್ದುಬರುತ್ತದೆ. ಸುತ್ತ ಪೂರ್ತಿ ಬೆಸೆಯಬೇಕಾದ ಪೈಪಿಗೆ ಎರಡು ಕಡೆ ಟ್ಯಾಕ್, ಅಂದರೆ ಚುಕ್ಕಿಯಷ್ಟು ವೆಲ್ಡಿಂಗ್, ಹಾಕಿ ಮೇಲೆ ಬಣ್ಣ ಬಳಿದಿರುತ್ತಾರೆ. ಸತುವು ಲೇಪಿಸಿದ ಜಿಐ ಪೈಪಿಗೆ ವೆಲ್ಡಿಂಗ್ ಮಾಡಿದರೆ ಆ ಜಾಗದ ಸತುವು ಸುಟ್ಟುಹೋಗುತ್ತದೆ. ಕಿಟ್ಟ ತೆಗೆದು, ಉಜ್ಜಿ, ಸತುವಿನ ಪ್ರೈಮರ್ ಹಚ್ಚದಿದ್ದರೆ ನಮ್ಮ ಮಳೆಗೆ ತುಕ್ಕು ಹಿಡಿಯುವುದು ಸರಿಯಾಗಿ ಜೋಡಣೆಯಲ್ಲೇ. ಇದರಲ್ಲಿ ಒಂದನ್ನೂ ಮನೆಯವರಿಗೆ ಹೇಳಿರುವುದಿಲ್ಲ. ಕೊಟೇಶನ್ನಿನಲ್ಲಿ ಒಂದು, ಮೇಲೆ ಇನ್ನೊಂದು.

ಆದ್ದರಿಂದ ಶೀಟು ಹಾಕಿಸುವವರು ಅಡ್ವಾನ್ಸ್ ಕೊಡುವ ಮುಂಚೆ ಒಂದು ಹಾಳೆ ಬರೆಸಿಕೊಳ್ಳಿ. ಕಂಬ ಎಷ್ಟು, ಒಂದೊಂದು ಪ್ಲೇಟಿಗೆ ಬೋಲ್ಟ್ ಎಷ್ಟು, ಎಷ್ಟು ಎಂಎಂ, ಸ್ಲಾಬಿನೊಳಗೆ ಎಷ್ಟು ಆಳ, ಯಾವ ಜೋಡಣೆಗೆ ಸುತ್ತ ಪೂರ್ತಿ ವೆಲ್ಡಿಂಗ್. ನಡುವೆ ಏನಾದರೂ ಬದಲಾದರೆ ಅದೇ ಹಾಳೆಯಲ್ಲಿ ಏನು, ಯಾಕೆ, ಲೆಕ್ಕ ಮತ್ತೆ ಹಾಕಿದವರು ಯಾರು ಅಂತ ಬರೆದು ಸಹಿ ಆಗಲಿ. ಶೀಟು ಏರಿಸುವ ಮುನ್ನ ನೀವೇ ಏಣಿ ಹತ್ತಿ ಬೋಲ್ಟು ಎಣಿಸಿ, ಬಣ್ಣ ಬಳಿಯುವ ಮೊದಲೇ ವೆಲ್ಡಿಂಗಿನ ಫೋಟೊ ತೆಗೆದುಕೊಳ್ಳಿ. ಈಗಾಗಲೇ ಹಾಕಿಸಿರುವವರು ಮೃಗಶಿರಾ ಹಿಡಿಯುವುದರೊಳಗೆ ಮೂಲೆಯ ನಾಲ್ಕು ಕಂಬಗಳ ಬುಡವನ್ನಾದರೂ ನೋಡಿ, ಖಾಲಿ ತೂತಿದ್ದರೆ ಬೋಲ್ಟ್ ಹಾಕಿಸಿ.