ವರ್ಗಾವಣೆಯಾದ ಮೇಲೂ ಉಳಿಯುವ ಅಭ್ಯಾಸ

ಕಚೇರಿಯಲ್ಲಿ ಒಳ್ಳೆಯ ಅಭ್ಯಾಸಗಳನ್ನು ಬೆಳೆಸಿಕೊಳ್ಳುವ ಬಗ್ಗೆ ತರಬೇತಿಗಳಲ್ಲಿ ಕೇಳಿಬರುವ ಮಾತುಗಳು ಬಹುಮಟ್ಟಿಗೆ ಒಬ್ಬೊಬ್ಬ ನೌಕರನನ್ನು ಉದ್ದೇಶಿಸಿದವು. ಸಮಯಕ್ಕೆ ಸರಿಯಾಗಿ ಬನ್ನಿ, ಮೇಜನ್ನು ಚೊಕ್ಕಟವಾಗಿ ಇಟ್ಟುಕೊಳ್ಳಿ, ದಿನದ ಕೆಲಸವನ್ನು ಬೆಳಿಗ್ಗೆಯೇ ಪಟ್ಟಿ ಮಾಡಿ, ಸಹೋದ್ಯೋಗಿಗಳೊಂದಿಗೆ ನಗುಮುಖದಿಂದ ಮಾತನಾಡಿ ಎಂಬ ಉಪದೇಶಗಳಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಆದರೆ ರಾಜ್ಯ ಸರ್ಕಾರದ ಕಚೇರಿಗಳಲ್ಲಿ ಗುಮಾಸ್ತಿಕೆಯಿಂದ ಆರಂಭಿಸಿ ಈಗ ಅಧೀಕ್ಷಕನ ಕುರ್ಚಿಯಲ್ಲಿ ಕುಳಿತಿರುವ ನನಗೆ ಈ ಉಪದೇಶಗಳಲ್ಲಿ ಒಂದು ದೊಡ್ಡ ಕೊರತೆ ಕಾಣುತ್ತದೆ: ಅವುಗಳಲ್ಲಿ ವರ್ಗಾವಣೆ ಎಂಬ ಸಂಗತಿಗೆ ಜಾಗವೇ ಇಲ್ಲ. ಪ್ರತಿ ವರ್ಷ ಮೇ-ಜೂನ್ ಬಂತೆಂದರೆ ಕಚೇರಿಯ ಒಂದಿಷ್ಟು ಕುರ್ಚಿಗಳಲ್ಲಿ ಮುಖಗಳು ಬದಲಾಗುತ್ತವೆ. ಹಳೆಯ ಮುಖದೊಂದಿಗೆ ಅದರ ಒಳ್ಳೆಯ ಅಭ್ಯಾಸವೂ ಹೊರಟುಹೋಗುವುದಾದರೆ, ಆ ಅಭ್ಯಾಸದಿಂದ ಕಚೇರಿಗೆ ದಕ್ಕಿದ್ದೇನು ಎಂಬುದು ನನ್ನ ಪ್ರಶ್ನೆ.

ನಾನು ಕಂಡ ಅತ್ಯಂತ ದಕ್ಷ ವಿಷಯ ನಿರ್ವಾಹಕರೊಬ್ಬರ, ಅಂದರೆ ಒಂದು ವಿಷಯದ ಕಡತಗಳನ್ನು ನೋಡಿಕೊಳ್ಳುವ ನೌಕರರೊಬ್ಬರ, ಉದಾಹರಣೆಯನ್ನೇ ಕೊಡುತ್ತೇನೆ. ಯಾವ ಕಡತ ಯಾರ ಬಳಿ ಇದೆ, ಯಾವ ಪತ್ರಕ್ಕೆ ಎಷ್ಟನೆಯ ನೆನಪೋಲೆ ಬಂದಿದೆ, ಯಾವ ಪ್ರಕರಣದಲ್ಲಿ ನ್ಯಾಯಾಲಯಕ್ಕೆ ಯಾವ ದಿನಾಂಕದೊಳಗೆ ವಿವರಣೆ ಹೋಗಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಸಾಹೇಬರು ಕೇಳಿದ ಕೂಡಲೇ ಕಪಾಟಿನ ಮೂರನೆಯ ಖಾನೆಯಿಂದ ಕಡತವನ್ನು ಎಳೆದು ತಂದು ಮೇಜಿನ ಮೇಲೆ ಇಡುತ್ತಿದ್ದರು. ಅವರು ಬೇರೆ ಜಿಲ್ಲೆಗೆ ಹೋದ ಮೇಲೆ ಅದೇ ಕಪಾಟು ಅದೇ ಕಡತಗಳೊಂದಿಗೆ ಅಲ್ಲಿಯೇ ನಿಂತಿತ್ತು, ಆದರೆ ಹೊಸದಾಗಿ ಬಂದ ದ್ವಿತೀಯ ದರ್ಜೆ ಸಹಾಯಕಿಗೆ ಅದರಲ್ಲಿ ಏನೂ ಸಿಗುತ್ತಿರಲಿಲ್ಲ. ಅವರ ಅಚ್ಚುಕಟ್ಟುತನವೆಲ್ಲ ತಲೆಯಲ್ಲಿತ್ತು, ವಹಿಯಲ್ಲಿ ಇರಲಿಲ್ಲ. ಇದನ್ನು ಅವರ ದೋಷವೆಂದು ನಾನು ಹೇಳುವುದಿಲ್ಲ, ಏಕೆಂದರೆ ನೆನಪಿನಿಂದ ಕೆಲಸ ಮಾಡುವವರನ್ನು ಹೊಗಳುವ ನಮ್ಮ ಕಚೇರಿಗಳು, ವಹಿಯನ್ನು ಭರ್ತಿ ಮಾಡುತ್ತ ಕೂರುವವರನ್ನು ನಿಧಾನದವರೆಂದು ಹಗುರವಾಗಿ ನೋಡುತ್ತ ಬಂದಿವೆ.

ದಕ್ಷತೆಯ ಮಾತು ಬಂದಾಗ ಸರ್. ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಎತ್ತದ ಭಾಷಣವಿಲ್ಲ. ಸರ್ಕಾರಿ ಕೆಲಸಕ್ಕೊಂದು, ಸ್ವಂತ ಕೆಲಸಕ್ಕೊಂದು ಎಂದು ಬೇರೆ ಬೇರೆ ದೀಪ ಉರಿಸುತ್ತಿದ್ದರೆಂಬ ಕಥೆಯನ್ನು ನಾವೆಲ್ಲ ಶಾಲೆಯಿಂದಲೇ ಕೇಳಿಕೊಂಡು ಬಂದಿದ್ದೇವೆ. ಕಥೆ ಚೆನ್ನಾಗಿದೆ, ಆದರೆ ಅದು ಮತ್ತೆ ಒಬ್ಬ ವ್ಯಕ್ತಿಯ ಶೀಲದ ಕಥೆಯೇ. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗ ಅವರು ಸರ್ಕಾರಿ ಕಚೇರಿಗಳ ಕೆಲಸದ ದಕ್ಷತೆಯನ್ನೇ ಪರಿಶೀಲನೆಗೆ ಒಳಪಡಿಸುವ ‘ಎಫಿಶಿಯೆನ್ಸಿ ಆಡಿಟ್’ ಎಂಬ ವ್ಯವಸ್ಥೆಯನ್ನು ತಂದರು, ಕೆಲಸದ ಕ್ರಮವನ್ನು ಬರಹದಲ್ಲಿಡುವ ಕಚೇರಿ ಕೈಪಿಡಿಗಳಿಗೆ ಒತ್ತು ಕೊಟ್ಟರು ಎಂಬ ಸಂಗತಿ ದೀಪದ ಕಥೆಯಷ್ಟು ಜನಪ್ರಿಯವಾಗಲಿಲ್ಲ. ಹಣದ ಲೆಕ್ಕ ತಪಾಸಣೆ ಆಗಲೂ ಇತ್ತು. ಕೆಲಸದ ರೀತಿಯನ್ನೂ ತಪಾಸಣೆ ಮಾಡಬೇಕೆಂಬ ಯೋಚನೆ ಮಾತ್ರ ಅಪರೂಪದ್ದು. ನನಗೆ ಕೇಳಿದರೆ ತರಬೇತಿಗಳಲ್ಲಿ ಹೇಳಬೇಕಾದದ್ದು ಇದನ್ನು.

ನಮ್ಮ ಕಾಲದಲ್ಲಿ ಇದಕ್ಕೆ ಹತ್ತಿರವಾದ ಉದಾಹರಣೆ ಕಂದಾಯ ಇಲಾಖೆಯ ‘ಭೂಮಿ’ ಯೋಜನೆ. 2000-01ರ ಹೊತ್ತಿಗೆ ಸುಮಾರು 67 ಲಕ್ಷ ರೈತರಿಗೆ ಸೇರಿದ ಅಂದಾಜು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು ಎಂಬುದನ್ನು ಎಲ್ಲರೂ ನೆನೆಯುತ್ತಾರೆ. ನನ್ನ ಗಮನವನ್ನು ಹೆಚ್ಚು ಸೆಳೆದದ್ದು ಇನ್ನೊಂದು ಅಂಶ: ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲಿಯೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಅಳವಡಿಸಿದ್ದು. ಮೊದಲು ಬಂದವರ ಅರ್ಜಿಯನ್ನು ಮೊದಲು ನೋಡಬೇಕು ಎಂಬುದು ಯಾವ ಸುತ್ತೋಲೆಯಲ್ಲಿ ಇರಲಿಲ್ಲ ಹೇಳಿ? ಇದ್ದೂ ಅದು ನಡೆಯುತ್ತಿರಲಿಲ್ಲ, ಏಕೆಂದರೆ ಅರ್ಜಿಗಳ ಕಟ್ಟಿನ ನಡುವಿನಿಂದ ಒಂದನ್ನು ಎತ್ತಿ ಮೇಲಕ್ಕೆ ಇಡುವುದು ಕ್ಷಣದ ಕೆಲಸವಾಗಿತ್ತು ಮತ್ತು ಎತ್ತಿಟ್ಟವರ ಗುರುತು ಎಲ್ಲಿಯೂ ಉಳಿಯುತ್ತಿರಲಿಲ್ಲ. ಬೆರಳಚ್ಚು ಕೊಟ್ಟು ಲಾಗಿನ್ ಆಗಬೇಕಾದಾಗ, ಸರದಿಯನ್ನು ದಾಟಲು ತಂತ್ರಾಂಶವೇ ಅಡ್ಡಬಂದಾಗ, ಅದೇ ಸಿಬ್ಬಂದಿ ಅದೇ ಕುರ್ಚಿಯಲ್ಲಿ ಕುಳಿತು ಸರದಿಯಂತೆ ಕೆಲಸ ಮಾಡಿದರು. ಅವರಾರೂ ರಾತ್ರೋರಾತ್ರಿ ಸಂತರಾಗಲಿಲ್ಲ. ಬಂದ ಕ್ರಮದಲ್ಲಿ ಕೆಲಸ ಮಾಡುವುದು ಅಲ್ಲಿ ಎಲ್ಲಕ್ಕಿಂತ ಸುಲಭದ ದಾರಿಯಾಯಿತು, ಮತ್ತು ಸುಲಭದ ದಾರಿಯೇ ಕಾಲಕ್ರಮದಲ್ಲಿ ಅಭ್ಯಾಸವಾಗುತ್ತದೆ.

ಆದರೆ ಯಂತ್ರಕ್ಕೆ ಎಲ್ಲವನ್ನೂ ಒಪ್ಪಿಸಿದರೆ ಸಾಕೆಂದು ನಾನು ಹೇಳುತ್ತಿಲ್ಲ. ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡಬೇಕೆನ್ನುವ 2011ರ ಸಕಾಲ ಅಧಿನಿಯಮವು 2012ರ ಏಪ್ರಿಲ್‌ನಲ್ಲಿ 11 ಇಲಾಖೆಗಳ 151 ಸೇವೆಗಳೊಂದಿಗೆ ರಾಜ್ಯದಾದ್ಯಂತ ಜಾರಿಗೆ ಬಂದಾಗ, ವಿಳಂಬಕ್ಕೆ ದಿನವೊಂದಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಯವರೆಗೆ ಪರಿಹಾರವನ್ನು ನಿಗದಿಪಡಿಸಿತು. ಮೊತ್ತ ಚಿಕ್ಕದು; ಆದರೆ ಗಡುವು ಎಂಬುದೊಂದಿದೆ, ಅದು ಅರ್ಜಿದಾರರಿಗೂ ಗೊತ್ತಿದೆ ಎಂಬ ಅರಿವು ಸಿಬ್ಬಂದಿಯಲ್ಲಿ ಮೂಡಿದ್ದು ದೊಡ್ಡ ಬದಲಾವಣೆ. ಅದರ ಜೊತೆಯಲ್ಲೇ ಒಂದು ಕೆಟ್ಟ ಚಾಳಿಯೂ ಹುಟ್ಟಿತು. ಗಡುವಿನ ಕೊನೆಯ ದಿನ, ಯಾವುದೋ ಒಂದು ದಾಖಲೆ ಇಲ್ಲವೆಂದು ಕಾರಣ ನಮೂದಿಸಿ ಅರ್ಜಿಯನ್ನು ತಿರಸ್ಕರಿಸಿದರೆ ಲೆಕ್ಕದಲ್ಲಿ ಅದು ಸಕಾಲದಲ್ಲಿ ವಿಲೇವಾರಿಯಾದಂತೆಯೇ. ಪರದೆಯ ಮೇಲೆ ಬಾಕಿ ಶೂನ್ಯ. ಅರ್ಜಿದಾರರು ಮಾತ್ರ ಮತ್ತೆ ಮೊದಲಿನಿಂದ ಸರದಿಯಲ್ಲಿ. ನಾವು ಯಾವುದನ್ನು ಎಣಿಸುತ್ತೇವೆಯೋ ಅದನ್ನೇ ಸಿಬ್ಬಂದಿ ತಯಾರಿಸಿ ಕೊಡುತ್ತಾರೆ. ವಿಲೇವಾರಿಯ ಸಂಖ್ಯೆಯ ಪಕ್ಕದಲ್ಲೇ ತಿರಸ್ಕಾರದ ಸಂಖ್ಯೆಯನ್ನೂ ಕಾರಣಗಳನ್ನೂ ತಿಂಗಳ ಸಭೆಯಲ್ಲಿ ಓದಿಸುವ ಪದ್ಧತಿ ಇದ್ದ ಕಚೇರಿಗಳಲ್ಲಿ ಈ ಚಾಳಿ ಕಡಿಮೆಯಾದುದನ್ನು ನಾನು ನೋಡಿದ್ದೇನೆ.

ಇನ್ನು ಯಾವ ತಂತ್ರಾಂಶವೂ ಮುಟ್ಟಲಾರದ ಜಾಗವೊಂದಿದೆ. ಅದು ಪ್ರಕರಣದ ವಿವರವನ್ನು ಮೇಲಿನವರ ಆದೇಶಕ್ಕಾಗಿ ಬರೆದು ಮಂಡಿಸುವ ಟಿಪ್ಪಣಿ ಹಾಳೆ. ಕಚೇರಿಯ ವೇಳೆಯಲ್ಲಿ ಎಷ್ಟು ಪಾಲು ಕಳಪೆ ಟಿಪ್ಪಣಿಗಳಿಂದ ಹಾಳಾಗುತ್ತದೆಂಬುದನ್ನು ಯಾರೂ ಲೆಕ್ಕ ಹಾಕಿದಂತಿಲ್ಲ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಆರಂಭವಾಗಿ, ಬಂದ ಪತ್ರದ ಒಕ್ಕಣೆಯನ್ನೇ ಎರಡು ಪುಟ ನಕಲು ಮಾಡಿ, ಕೊನೆಗೆ ‘ಮುಂದಿನ ಆದೇಶಕ್ಕಾಗಿ ಮಂಡಿಸಿದೆ’ ಎಂದು ಮುಗಿಯುವ ಟಿಪ್ಪಣಿ ಬರೆದವರ ಮಟ್ಟಿಗೆ ಕೆಲಸ ಮುಗಿಸುತ್ತದೆ, ಓದುವವರ ಕೆಲಸವನ್ನು ಮಾತ್ರ ಇಮ್ಮಡಿಗೊಳಿಸುತ್ತದೆ. ಕೇಳಿರುವುದೇನು, ನಿಯಮ ಹೇಳುವುದೇನು, ಈ ಹಿಂದೆ ಇಂಥ ಪ್ರಕರಣದಲ್ಲಿ ನಡೆದುಕೊಂಡದ್ದು ಹೇಗೆ, ಈಗ ಇರುವ ದಾರಿಗಳಾವುವು, ಅವುಗಳಲ್ಲಿ ಶಾಖೆಯ ಶಿಫಾರಸು ಯಾವುದು ಎಂಬುದನ್ನು ಒಂದು ಪುಟದಲ್ಲಿ ಬರೆಯಲು ಕಲಿತ ಸಹಾಯಕರು ಇಡೀ ಕಚೇರಿಯ ವೇಗವನ್ನೇ ಬದಲಾಯಿಸಬಲ್ಲರು. ಶಿಫಾರಸು ಬರೆಯಲು ಬಹಳ ಮಂದಿ ಹಿಂಜರಿಯುತ್ತಾರೆ. ನಾಳೆ ಲೆಕ್ಕ ತಪಾಸಣೆಯವರು ಕೇಳಿದರೆ ನಮ್ಮ ತಲೆಗೆ ಬರುತ್ತದೆ ಎಂಬ ಅಂಜಿಕೆ ಅದು. ಆ ಅಂಜಿಕೆ ಆಧಾರವಿಲ್ಲದ್ದಲ್ಲ. ಹಾಗಾಗಿ ಕಿರಿಯರ ಶಿಫಾರಸನ್ನು ಒಪ್ಪದಿದ್ದರೆ ಏಕೆ ಒಪ್ಪಲಿಲ್ಲವೆಂದು ಮೇಲಿನವರು ಅದೇ ಹಾಳೆಯಲ್ಲಿ ಎರಡು ಸಾಲು ಬರೆಯಬೇಕು. ಬರೆಯದೆ, ಕರೆದು ಗದರಿಸಿ, ‘ಬದಲಾಯಿಸಿ ತನ್ನಿ’ ಎಂದು ಕಡತವನ್ನು ಹಿಂದಕ್ಕೆ ಕಳುಹಿಸುವ ಅಧಿಕಾರಿಯ ಕೆಳಗೆ ಯಾರೂ ಎರಡನೆಯ ಸಲ ಶಿಫಾರಸು ಬರೆಯುವುದಿಲ್ಲ.

ಅಧಿಕಾರಿಗಳು ಕಡತದ ಮೇಲೆ ಬರೆಯುವ ‘ಚರ್ಚಿಸಿ’ ಎಂಬ ಒಂದು ಪದದ ಷರಾ ಇದೆಯಲ್ಲ, ಅದರ ಬಗ್ಗೆಯೂ ಹೇಳಲೇಬೇಕು. ನಿಜವಾಗಿ ಚರ್ಚೆ ಬೇಕಾದ ಕಡತಗಳಿರುತ್ತವೆ, ಇಲ್ಲವೆಂದಲ್ಲ. ಆದರೆ ನಿರ್ಣಯವನ್ನು ಮುಂದೂಡಲು ಇದರಷ್ಟು ಗೌರವಾನ್ವಿತ ಉಪಾಯ ಬೇರೊಂದಿಲ್ಲ. ಷರಾ ಬಿದ್ದ ಮೇಲೆ ಸಾಹೇಬರು ಸಭೆಯಲ್ಲಿರುತ್ತಾರೆ, ಆಮೇಲೆ ಪ್ರವಾಸದಲ್ಲಿರುತ್ತಾರೆ, ಆಮೇಲೆ ವಿಷಯ ನಿರ್ವಾಹಕರು ರಜೆಯಲ್ಲಿರುತ್ತಾರೆ. ನಾನು ಬಲ್ಲ ಅಧಿಕಾರಿಯೊಬ್ಬರು ಈ ಷರಾದ ಪಕ್ಕದಲ್ಲಿ ಚರ್ಚೆಯ ದಿನಾಂಕವನ್ನೂ, ಚರ್ಚಿಸಬೇಕಾದ ಅಂಶವನ್ನೂ ತಮ್ಮ ಕೈಯಿಂದಲೇ ಬರೆಯುತ್ತಿದ್ದರು. ಅಂಶ ಬರೆಯಲು ಕುಳಿತಾಗ ಎಷ್ಟೋ ಸಲ ಚರ್ಚೆಯ ಅಗತ್ಯವೇ ಇಲ್ಲವೆಂದು ಅವರಿಗೇ ಹೊಳೆದು, ಅಲ್ಲಿಯೇ ಆದೇಶ ಬರೆದು ಸಹಿ ಮಾಡುತ್ತಿದ್ದರು.

ಕೆಲಸದ ಗಂಟೆಗಳ ಬಗ್ಗೆ ನನಗೆ ಹೆಚ್ಚು ಹೇಳಲು ಇಲ್ಲ. ವಾರಕ್ಕೆ 70 ಗಂಟೆ ದುಡಿಯಬೇಕೆಂಬ ಮಾತು 2023ರಲ್ಲಿ ಬೆಂಗಳೂರಿನಿಂದಲೇ ಹೊರಟು ದೇಶವಿಡೀ ಚರ್ಚೆಯಾಯಿತು. ನಮ್ಮಲ್ಲಿ 2019ರಲ್ಲಿ ನಾಲ್ಕನೆಯ ಶನಿವಾರವನ್ನು ರಜೆಯಾಗಿಸಿ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿದಾಗ ನಡೆದ ವಾದವಿವಾದವೂ ಇಂಥದ್ದೇ. ನನ್ನ ಅನುಭವದಲ್ಲಿ ಗಂಟೆಗಳಿಗಿಂತ ಹೆಚ್ಚು ಹಾನಿ ಮಾಡುತ್ತಿರುವುದು ವಾಟ್ಸ್‌ಆ್ಯಪ್ ಗುಂಪುಗಳು. ರಾತ್ರಿ ಹತ್ತಕ್ಕೆ ‘ಬೆಳಿಗ್ಗೆ ಹತ್ತರೊಳಗೆ ಮಾಹಿತಿ ಸಲ್ಲಿಸಿ’ ಎಂಬ ಸಂದೇಶ ಬರುತ್ತದೆ. ಅದೇ ಮಾಹಿತಿಯನ್ನು ಬೇರೆ ನಮೂನೆಯಲ್ಲಿ ಕಳೆದ ವಾರವಷ್ಟೇ ಕಳುಹಿಸಲಾಗಿರುತ್ತದೆ. ಉತ್ತರ ಕೊಟ್ಟವರ ಹೆಸರುಗಳು ಸಾಲಾಗಿ ‘ಓಕೆ ಸರ್’ ಎಂದು ಬೀಳುತ್ತ ಹೋಗುವುದನ್ನು ನೋಡುತ್ತ, ಇನ್ನೂ ಉತ್ತರಿಸದವರು ಊಟ ಬಿಟ್ಟು ಏಳುತ್ತಾರೆ. ಇದು ತುರ್ತಿನ ಲಕ್ಷಣವಲ್ಲ, ಯೋಜನೆಯಿಲ್ಲದ ಲಕ್ಷಣ. ಗುಂಪಿನಲ್ಲಿ ಬಂದ ಸೂಚನೆಗೆ ಕಡತದಲ್ಲಿ ದಾಖಲೆಯೂ ಇರುವುದಿಲ್ಲವಾದ್ದರಿಂದ, ಆರು ತಿಂಗಳ ನಂತರ ‘ಯಾರು ಹೇಳಿದರು’ ಎಂದು ಕೇಳಿದಾಗ ತೋರಿಸಲು ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಪ್ರವಾಹ, ಚುನಾವಣೆಯಂಥ ಸಂದರ್ಭಗಳನ್ನು ಬಿಟ್ಟು ಉಳಿದ ಸೂಚನೆಗಳು ಕಚೇರಿ ವೇಳೆಯಲ್ಲಿ, ಕಡತಗಳನ್ನು ಗಣಕದಲ್ಲೇ ನಡೆಸುವ ಇ-ಆಫೀಸ್ ತಂತ್ರಾಂಶದ ಮೂಲಕ ಅಥವಾ ಮಿಂಚಂಚೆಯಲ್ಲಿ ಬರಬೇಕೆಂದು ಕಚೇರಿಯ ಮುಖ್ಯಸ್ಥರು ಒಂದು ಸಾಲು ಬರೆದರೆ ಸಾಕು. ಯಾವ ಕಾನೂನಿಗೂ ಕಾಯಬೇಕಾಗಿಲ್ಲ.

ಇ-ಆಫೀಸ್‌ನಲ್ಲಿ ಕರಡು ರೂಪದ ಹಳದಿ ಟಿಪ್ಪಣಿಯನ್ನು ತಿದ್ದಬಹುದು, ಅಂತಿಮಗೊಂಡು ಹಸಿರಾದ ಮೇಲೆ ಬದಲಾಯಿಸಲಾಗದು; ಕಡತ ಯಾರ ಲಾಗಿನ್‌ನಲ್ಲಿ ಎಷ್ಟು ದಿನ ಕುಳಿತಿತ್ತು ಎಂಬುದೂ ಅಲ್ಲಿ ಕಾಣುತ್ತದೆ. ಇವು ಒಳ್ಳೆಯ ಅನುಕೂಲಗಳು. ಆದರೂ ವರ್ಗಾವಣೆಯಾದ ನೌಕರರ ಲಾಗಿನ್‌ನಲ್ಲೇ ಕಡತಗಳು ಉಳಿದುಬಿಟ್ಟು, ಅವನ್ನು ಹೊಸಬರಿಗೆ ವರ್ಗಾಯಿಸಲು ಯಾರೂ ಮುಂದಾಗದೆ ವಾರಗಟ್ಟಲೆ ಕಳೆಯುವುದನ್ನು ನೋಡಿದಾಗ, ಕಾಗದದ ಕಾಲದ ರೋಗ ಗಣಕದ ಕಾಲಕ್ಕೂ ದಾಟಿ ಬಂದಿದೆ ಎನಿಸುತ್ತದೆ. ಪ್ರಭಾರ ಹಸ್ತಾಂತರವೆಂದರೆ ನಮ್ಮಲ್ಲಿ ‘ಪೂರ್ವಾಹ್ನ ಪ್ರಭಾರ ವಹಿಸಿಕೊಂಡಿದ್ದೇನೆ’ ಎಂಬ ಪ್ರಮಾಣಪತ್ರಕ್ಕೆ ಇಬ್ಬರೂ ಸಹಿ ಹಾಕುವುದಷ್ಟೇ ಆಗಿಹೋಗಿದೆ. ಬಾಕಿ ಕಡತಗಳ ಪಟ್ಟಿ, ನ್ಯಾಯಾಲಯದ ದಿನಾಂಕಗಳು, ಉತ್ತರ ಕೊಡಬೇಕಾದ ಮಾಹಿತಿ ಹಕ್ಕು ಅರ್ಜಿಗಳು ಮತ್ತು ಅವುಗಳ 30 ದಿನದ ಗಡುವು, ಅಭಿಲೇಖಾಲಯಕ್ಕೆ ಹೋಗಬೇಕಾದ ಮುಕ್ತಾಯಗೊಂಡ ಕಡತಗಳು ಇವಿಷ್ಟನ್ನು ಬರೆದುಕೊಡದೆ ಯಾರನ್ನೂ ಬಿಡುಗಡೆ ಮಾಡಬಾರದು. ಅಭಿಲೇಖಾಲಯದ ಮಾತು ಬಂತಾದ್ದರಿಂದ ಇನ್ನೊಂದನ್ನು ಸೇರಿಸುತ್ತೇನೆ: ಕಡತ ಮುಗಿದ ದಿನವೇ ಅದು ಶಾಶ್ವತವಾಗಿ ಇಡಬೇಕಾದ ಎ ವರ್ಗದ್ದೇ, ಕೆಲವು ವರ್ಷಗಳ ನಂತರ ನಾಶಪಡಿಸಬಹುದಾದದ್ದೇ ಎಂದು ಮುಖಪುಟದ ಮೇಲೆ ಬರೆದಿದ್ದರೆ, ಇಂದು ಪಡಸಾಲೆಯಲ್ಲೂ ಮೆಟ್ಟಿಲ ಕೆಳಗೂ ಕಟ್ಟುಗಟ್ಟಲೆ ಕಾಗದ ಪೇರಿಸಿಕೊಂಡು ಗೆದ್ದಲಿಗೆ ಆಹಾರ ಒದಗಿಸುವ ಅಗತ್ಯ ಬರುತ್ತಿರಲಿಲ್ಲ. ಬೇಡದ ಕಾಗದ ಉಳಿಯುವುದರಿಂದಲೇ ಬೇಕಾದ ಕಾಗದ ಸಿಗದಾಗುತ್ತದೆ.

ಸಾರ್ವಜನಿಕರೊಂದಿಗಿನ ನಡವಳಿಕೆಯನ್ನೂ ನಾನು ಇದೇ ದೃಷ್ಟಿಯಿಂದ ನೋಡುತ್ತೇನೆ. ನಗುಮುಖಕ್ಕಿಂತ ಹಿಂಬರಹ, ಅಂದರೆ ಅರ್ಜಿದಾರರಿಗೆ ಕಚೇರಿ ಬರೆದುಕೊಡುವ ಉತ್ತರ, ಮುಖ್ಯ. ಕಿಟಕಿಗೆ ಬಂದ ಅಜ್ಜಿಗೆ ‘ಕುಳಿತುಕೊಳ್ಳಿ ಅಮ್ಮ’ ಎಂದು ಕುರ್ಚಿ ಕೊಟ್ಟು, ಇವತ್ತು ಒಂದು ದಾಖಲೆ, ಮುಂದಿನ ವಾರ ಇನ್ನೊಂದು ದಾಖಲೆ ಎಂದು ನಾಲ್ಕು ಸಲ ಬಸ್ಸು ಹತ್ತಿಸುವುದಕ್ಕಿಂತ, ಅರ್ಜಿಯಲ್ಲಿರುವ ಕೊರತೆಗಳೆಲ್ಲವನ್ನೂ ಒಂದೇ ಹಿಂಬರಹದಲ್ಲಿ ಆಕೆಯ ಮೊಮ್ಮಗನಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದುಕೊಡುವುದು ಹೆಚ್ಚಿನ ಮರ್ಯಾದೆ. ಹಾಗೆಂದು ಕುರ್ಚಿ ಕೊಡಬೇಡಿ ಎನ್ನುತ್ತಿಲ್ಲ, ಎರಡನ್ನೂ ಕೊಡಬಹುದು.

ಹೀಗೆ ಬರೆದರೆ ಸ್ನೇಹಿತರು ಸಾಮಾನ್ಯವಾಗಿ ಎತ್ತುವ ಆಕ್ಷೇಪ ಒಂದಿದೆ. ಒಬ್ಬ ಅಧಿಕಾರಿ ತಂದ ಒಳ್ಳೆಯ ಪದ್ಧತಿಯನ್ನು ಮುಂದಿನವರು ಬಂದ ವಾರದಲ್ಲೇ ‘ಅದು ಹಿಂದಿನವರ ಹುಚ್ಚು’ ಎಂದು ನಿಲ್ಲಿಸಿಬಿಡುತ್ತಾರೆ, ಆಗ ಮಾಡುವುದೇನು ಎಂಬುದು ಆ ಆಕ್ಷೇಪ. ನಿಜ, ಹಾಗೆ ನಿಂತುಹೋದ ಪದ್ಧತಿಗಳು ಬೇಕಾದಷ್ಟಿವೆ, ಮತ್ತು ಅವುಗಳಲ್ಲಿ ಹೆಚ್ಚಿನವು ಬಾಯಿಮಾತಿನಲ್ಲಿ ಆರಂಭವಾದವು. ಪದ್ಧತಿಯನ್ನು ಸಂಖ್ಯೆ, ದಿನಾಂಕಗಳಿರುವ ಕಚೇರಿ ಆದೇಶವಾಗಿ ಹೊರಡಿಸಿ, ಅದರ ಪ್ರತಿಯನ್ನು ಪ್ರಭಾರ ಪಟ್ಟಿಗೆ ಲಗತ್ತಿಸುವ ಕ್ರಮವನ್ನು ನಮ್ಮ ಶಾಖೆಯಲ್ಲಿ ಈಗ ಇಟ್ಟುಕೊಂಡಿದ್ದೇವೆ. ಮುಂದೆ ಬರುವವರು ಅದನ್ನು ರದ್ದುಪಡಿಸಲೂಬಹುದು, ಅದು ಅವರ ಅಧಿಕಾರ. ಆದರೆ ರದ್ದುಪಡಿಸಲು ಅವರೂ ಒಂದು ಟಿಪ್ಪಣಿ ಬರೆಸಬೇಕು, ಅದರಲ್ಲಿ ಕಾರಣ ಹೇಳಬೇಕು, ಕೆಳಗೆ ಸಹಿ ಹಾಕಬೇಕು.