ಆಯೋಜಕರನ್ನು ಇದನ್ನೂ ಕೇಳಿ

ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಸ್ಪರ್ಧೆ ಮ್ಯಾಟ್ರಿಕ್ಸ್ ಫೈಟ್ ನೈಟ್ ಬಗ್ಗೆ ನೀವು ಬರೆದ ಲೇಖನ ಓದಿ ಖುಷಿಯಾಯಿತು. 2019ರಲ್ಲಿ ಶುರುವಾದಾಗ, ಟೈಗರ್ ಶ್ರಾಫ್ ಮನೆಯವರ ಶೋಕಿ ಅಂತ ನನ್ನ ಗೆಳೆಯರು ತಳ್ಳಿಹಾಕಿದ್ದರು. ಅಲ್ಲಿ ಚಾಂಪಿಯನ್ ಬೆಲ್ಟ್ ಗೆದ್ದ ಪೂಜಾ ತೋಮರ್ 2024ರ ಜೂನ್‌ನಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಇದೇ ಆಟದ ದೊಡ್ಡ ಅಂತರರಾಷ್ಟ್ರೀಯ ಸ್ಪರ್ಧೆ ಯುಎಫ್‌ಸಿಯಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆಯಾದಾಗ ನನಗೆ ಕಣ್ಣು ತುಂಬಿ ಬಂದಿತ್ತು.

ಆದರೆ ಲೇಖನದಲ್ಲಿ ಲೈಟು, ಸ್ಟಾರುಗಳ ಮಾತೇ ಜಾಸ್ತಿ. ತಮ್ಮ ತೂಕದ ವಿಭಾಗಕ್ಕೆ ಹೊಂದಲು ಪಂದ್ಯಕ್ಕೆ ಮುಂಚೆ ಆಟಗಾರರು ತೂಕ ಇಳಿಸುವ ಕಷ್ಟದ ಬಗ್ಗೆ ಒಂದು ಸಾಲೂ ಇಲ್ಲ. 2015ರ ಡಿಸೆಂಬರ್‌ನಲ್ಲಿ ಇಂಥ ಪಂದ್ಯ ನಡೆಸುವ ಸಿಂಗಪುರದ ಕಂಪನಿ ಒನ್ ಚಾಂಪಿಯನ್‌ಶಿಪ್‌ನ ಪಂದ್ಯಕ್ಕೆ ತೂಕ ಇಳಿಸಲು ಹೋಗಿ ಚೀನಾದ 21 ವರ್ಷದ ಹುಡುಗ ತೀರಿಕೊಂಡ. ಆಮೇಲೆ ಆ ಕಂಪನಿ ನೀರು ಕುಡಿಯುವುದನ್ನು ಬಿಟ್ಟು ತೂಕ ಇಳಿಸುವುದನ್ನೇ ನಿಷೇಧಿಸಿ, ಮೈಯಲ್ಲಿ ನೀರಿನಂಶ ಸರಿಯಾಗಿದೆಯಾ ಅಂತ ಮೂತ್ರ ಪರೀಕ್ಷೆ ಮಾಡಿ ನೋಡುವ ನಿಯಮ ತಂದಿತು.

ನನ್ನ ತಮ್ಮ ಒಂದು ಸ್ಪರ್ಧೆಗೆ ಎರಡು ದಿನ ಮುಂಚೆ ನೀರು ಬಿಟ್ಟು, ಮಧ್ಯಾಹ್ನದ ಬಿಸಿಲಲ್ಲಿ ಎರಡೆರಡು ಸ್ವೆಟರ್ ಹಾಕಿಕೊಂಡು ಓಡುತ್ತಿದ್ದ. ತುಟಿ ಒಡೆದು ರಕ್ತ ಕಟ್ಟಿತ್ತು. ಅಲ್ಲಿ ತೂಕದ ಯಂತ್ರ ಇತ್ತು, ಡಾಕ್ಟರ್ ಇರಲಿಲ್ಲ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ಪೆಟ್ಟು ಬಿದ್ದು ಮೈಸೂರಿನ ಹುಡುಗ ಸತ್ತಿದ್ದು ಇನ್ನೂ ನೆನಪಿದೆ ಅಲ್ವಾ? ಬಾಗಿಲಲ್ಲಿ ಆಂಬುಲೆನ್ಸ್ ನಿಲ್ಲಿಸುತ್ತಾರಾ, ವಿಮೆ ಇದೆಯಾ, ಮುಂದಿನ ಸಲ ಆಯೋಜಕರನ್ನು ನೇರವಾಗಿ ಕೇಳಿ ಬರೆಯಿರಿ.